ಹಾಲಿನ ಹೊತ್ತು

ಅಶ್ವತ್ಥಮ್ಮ ಆಗಷ್ಟೇ ಹುಟ್ಟಿದ ಕುರಿಮರಿಯನ್ನು ಸೆರಗಿನಲ್ಲಿ ಒರೆಸುತ್ತಲೇ ತಂದು ತಮ್ಮನ ಕಂಬಳಿಯೊಳಗೆ ತುರುಕಿದಳು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗಂಗುಲಪ್ಪ ಬೆಚ್ಚಿಬಿದ್ದ. “ಏನಕ್ಕಾ ಇದು?”

“ಇದರ ತಾಯಿ ಸತ್ತೋಯ್ತು. ಮೈಯೆಲ್ಲ ತಣ್ಣಗಾಗ್ಬಿಟ್ಟೈತೆ, ಎದೆಗೆ ಅವುಚ್ಕೋ.”

“ನನ್ನ ಎದೇಲಿ ಏನೈತೆ ಅಂತ ಕೊಡ್ತೀಯ? ನಾನೇ ಇವತ್ತೋ ನಾಳೆಯೋ ಅಂತಿದ್ದೀನಿ.”

“ಅದೂ ಅಂಗೇ ಐತೆ. ಇಬ್ರೂ ಒಟ್ಟಿಗೆ ಮಲಕ್ಕೊಳ್ಳಿ,” ಎಂದು ಅವಳು ಹಟ್ಟಿಗೆ ಓಡಿದಳು. ಅಲ್ಲಿ ಇನ್ನೊಂದು ಕುರಿ ಹೆರಿಗೆ ನೋವಿನಿಂದ ಒದ್ದಾಡುತ್ತಿತ್ತು.

ಅದು ಯುದ್ಧ ಶುರುವಾದ ವರ್ಷದ ಚಳಿಗಾಲ. ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ಗಂಗುಲಪ್ಪ ದಸರೆಯ ಹೊತ್ತಿಗೆ ಕೆಮ್ಮು ಹೊತ್ತುಕೊಂಡು, ಟೇಕಲ್ ಬೆಟ್ಟದ ಹತ್ತಿರದ ಹಳ್ಳಿಗೆ ಅಕ್ಕನನ್ನು ಹುಡುಕಿಕೊಂಡು ಬಂದಿದ್ದ. ಗಂಡ ಸತ್ತ ಮೇಲೆ ಅಶ್ವತ್ಥಮ್ಮನಿಗೆ ಇದ್ದದ್ದು ಒಂದು ಸಣ್ಣ ಕುರಿಮಂದೆ, ಈಗ ಈ ತಮ್ಮ. ಅಂಟುವ ಕೆಮ್ಮು ಎಂದು ಊರವರು ಅವಳ ಜಗಲಿ ಹತ್ತುವುದನ್ನು ಬಿಟ್ಟರು. ಎದುರು ಮನೆಯ ಚನ್ನರಾಯಪ್ಪನಂತೂ ಆ ಕಡೆ ಸುಳಿಯಕೂಡದೆಂದು ಮಕ್ಕಳಿಗೆ ಹೆದರಿಸಿ ಇಟ್ಟಿದ್ದ. ಗಂಗುಲಪ್ಪ ಮೊದಲು ಹೊಸಲು ದಾಟುವುದನ್ನು ಬಿಟ್ಟ. ಆಮೇಲೆ ಉಣ್ಣುವುದನ್ನೂ ಹೆಚ್ಚುಕಡಿಮೆ ಬಿಟ್ಟ.

ಮರಿ ಸಾಯಲಿಲ್ಲ. ಬಿಸಿಲೇರುವಷ್ಟರಲ್ಲಿ ಅವನ ಕಂಕುಳಲ್ಲಿ ಮೂತಿಯಿಟ್ಟು ಹಾಲಿಗಾಗಿ ಗುದ್ದತೊಡಗಿತು. ಮರುದಿನದಿಂದ ಅಶ್ವತ್ಥಮ್ಮ ಬೇರೆ ಕುರಿಯ ಹಾಲು ಹಿಂಡಿ ಕುಡಿಕೆಯಲ್ಲಿಟ್ಟು ಮಂದೆಯನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗುವಳು. ಗಂಗುಲಪ್ಪ ಮಲಗಿದ್ದಲ್ಲಿಂದಲೇ ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಡುವನು. ಬತ್ತಿಯ ಹಾಲು ಮುಗಿದರೆ ಅದು ಅವನ ಬೆರಳನ್ನೇ ಚೀಪುತ್ತಿತ್ತು. “ಅದರಲ್ಲೇನೂ ಇಲ್ಲ ಕಣೋ,” ಎನ್ನುತ್ತಿದ್ದ. ಬೆರಳನ್ನು ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

ಒಂದು ದಿನ ಬೆಕ್ಕು ಕುಡಿಕೆಯನ್ನು ಉರುಳಿಸಿತು. ಹಾಲೆಲ್ಲ ಮಣ್ಣಿನ ನೆಲ ಕುಡಿದುಬಿಟ್ಟಿತು. ಅಕ್ಕ ಮಂದೆಯೊಂದಿಗೆ ಬೆಟ್ಟದ ಆಚೆ ಇದ್ದಳು. ಮಧ್ಯಾಹ್ನದ ರೈಲು ಕೂಗಿ ಹೋಗುವ ಹೊತ್ತಿಗೆ ಮರಿ ಅರಚಿ ಅರಚಿ ಸೋತಿತ್ತು. ಬಾಯಿ ತೆರೆಯುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಗಂಗುಲಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಗೋಡೆ ಹಿಡಿದು ಎದ್ದು, ಮರಿಯನ್ನು ಎದೆಗೊತ್ತಿಕೊಂಡು, ಹೊಸಲು ದಾಟಿದ.

ಚನ್ನರಾಯಪ್ಪನ ಹಟ್ಟಿಯಲ್ಲಿ ಹೊಸದಾಗಿ ಈದ ಕುರಿಗಳಿದ್ದವು. ಗಂಗುಲಪ್ಪ ಬೇಲಿಯಿಂದ ಆಚೆಯೇ ನಿಂತು ಮರಿಯನ್ನು ನೆಲಕ್ಕೆ ಬಿಟ್ಟ. “ಚನ್ನರಾಯಪ್ಪಾ, ನಾನು ಒಳಕ್ಕೆ ಬರಲ್ಲ. ಇದಕ್ಕೊಂದು ಗುಟುಕು ಹಾಲು ಸಿಕ್ಕಿದ್ರೆ...” ಉಳಿದ ಮಾತನ್ನು ಕೆಮ್ಮು ನುಂಗಿತು.

ಚನ್ನರಾಯಪ್ಪ ಕೈಯಲ್ಲಿದ್ದ ಸೊಪ್ಪಿನ ಹೊರೆ ಹಿಡಿದುಕೊಂಡೇ ನಿಂತುಬಿಟ್ಟ. ಅವನ ಹೆಂಡತಿ ಭಾರತಮ್ಮ ಮುಂದೆ ಬಂದಳು. “ಅಯ್ಯೋ ಪಾಪಂ, ರಾ ನಾಯನಾ ರಾ,” ಎಂದು ತನ್ನ ತವರಿನ ತೆಲುಗಿನಲ್ಲಿ ಮರಿಯನ್ನು ಕರೆದು ಎತ್ತಿಕೊಂಡಳು. “ಏನ್ ನೋಡ್ತೀಯ? ಆ ಕರೀ ಕುರಿ ಹಿಡ್ಕೋ,” ಎಂದು ಗಂಡನನ್ನು ಗದರಿದಳು. ಪರರ ಮರಿಯೆಂದು ಕುರಿ ಒದೆಯಿತು, ಹಾಯಿತು. ಚನ್ನರಾಯಪ್ಪ ಎರಡೂ ಕೈಯಿಂದ ಅದರ ಕತ್ತು ಅಮುಕಿದ, ಹಿಂಗಾಲು ಹಿಡಿಯುವವರಿಲ್ಲ.

“ಲೇ ಗಂಗುಲಪ್ಪಾ, ಅಲ್ಲೇನು ನಿಂತಿದ್ದೀಯ? ಬಂದು ಕಾಲು ಹಿಡಿ!” ಎಂದು ಕೂಗಿದ. ಕೂಗಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಗಂಗುಲಪ್ಪ ಬೇಲಿ ಸರಿಸಿ ಒಳಗೆ ಬಂದ.

ಸಂಜೆ ಮನೆಗೆ ಬಂದ ಅಶ್ವತ್ಥಮ್ಮನಿಗೆ ಕಂಡದ್ದು ತೆರೆದ ಬಾಗಿಲು, ಬರಿದಾದ ಕಂಬಳಿ. ಮರಿಯ ಕಡೆ ಅವಳ ಲಕ್ಷ್ಯವೇ ಹೋಗಲಿಲ್ಲ. ಹೋದ ಅಮಾವಾಸ್ಯೆಯ ದಿನ ತಮ್ಮ ಇದ್ದಕ್ಕಿದ್ದಂತೆ ಊರ ಬಾವಿಯ ಆಳ ಕೇಳಿದ್ದ. ಅವಳು ಕುರಿಗಳನ್ನು ಬೀದಿಯಲ್ಲೇ ಬಿಟ್ಟು ಓಡಿದಳು. ಬಾವಿಯ ಮೆಟ್ಟಿಲಿಳಿದು, ಮೊಣಕಾಲು ಮುಳುಗುವವರೆಗೂ ಹೋಗಿ, ಕುರಿ ಕಾಯುವ ಕೋಲಿನಿಂದ ನೀರಿನೊಳಗೆಲ್ಲ ತಡಕಾಡಿದಳು.

ಆಗ ಮೇಲಿನಿಂದ, ಚನ್ನರಾಯಪ್ಪನ ಹಟ್ಟಿಯ ಕಡೆಯಿಂದ, ಕೆಮ್ಮು ಕೇಳಿಸಿತು. ಮೂರು ತಿಂಗಳಿಂದ ಅವಳ ನಿದ್ದೆ ಕೆಡಿಸಿದ್ದ ಅದೇ ಕೆಮ್ಮು. ಅದು ನಿಲ್ಲದಿರಲಿ ಎಂದುಕೊಳ್ಳುತ್ತಾ ಅವಳು ಮೆಟ್ಟಿಲು ಹತ್ತಿದಳು.

ಹಟ್ಟಿಯಲ್ಲಿ ಗಂಗುಲಪ್ಪ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅಂಬಲಿ ಕುಡಿದಿಟ್ಟ ಬಟ್ಟಲಿತ್ತು.

“ಎಲ್ಲಿಗಕ್ಕಾ ಹೋಗಿದ್ದೆ? ಕುರಿಗಳೆಲ್ಲ ತಾವೇ ಬಂದವು,” ಎಂದ. ಆಮೇಲೆ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. “ಸೀರೆ ಯಾಕೆ ಇಷ್ಟು ನೆಂದೈತೆ?”

“ಕಾಲು ತೊಳೆಯೋಕೆ ಬಾವಿಗೆ ಇಳಿದಿದ್ದೆ ಕಣೋ.”

ಅವಳ ಕೈಯಲ್ಲಿದ್ದ ಕೋಲು ತುದಿಯಿಂದ ಹಿಡಿಯವರೆಗೂ ಒದ್ದೆಯಾಗಿತ್ತು. ಗಂಗುಲಪ್ಪ ಕೋಲನ್ನು ನೋಡಿದ, ಅಕ್ಕನ ಮುಖವನ್ನು ನೋಡಿದ. ಮರಿಯನ್ನು ಭಾರತಮ್ಮನ ಕೈಗೆ ಕೊಟ್ಟು, ಕೂತಲ್ಲಿಂದಲೇ ಬಾಗಿ, ಅಕ್ಕನ ಸೀರೆಯ ಅಂಚು ಹಿಡಿದು ನೀರು ಹಿಂಡತೊಡಗಿದ.