ಮುನ್ನೂರ ಹನ್ನೆರಡು ಚಿತ್ರಗಳು

ಹೋಟೆಲು ಕಂಪನಿಯವನು ಎರಡನೇ ಸಲ ಬಂದಾಗ ಎಕ್ಸ್‌ರೇ ಸಾರ್ ಅವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

"ಇಡೀ ಪೆಟ್ಟಿಗೆ ಕೊಡಿ ಸಾರ್. ಏನು ಬೇಕು, ನೀವೇ ಹೇಳಿ."

"ನಿಮಗ್ಯಾಕ್ರೀ ನನ್ನ ಫೋಟೋಗಳು?"

"ಪ್ರದರ್ಶನದಲ್ಲಿ ನೋಡಿದೆ. ಒಂದೊಂದೂ ಮಾತಾಡುತ್ತೆ."

"ಅದಕ್ಕೇ ತಾನೇ ಬಾಯಿ ಮುಚ್ಚಿಸೋಕೆ ಬಂದಿರೋದು?"

ಅವನು ನಕ್ಕ. "ಯಾರ ಕೈಯಲ್ಲಿದ್ರೇನು ಬಿಡಿ" ಎಂದು ಮೆಟ್ಟಿಲಿಳಿದ. ಬೆದರಿಕೆಯನ್ನು ಇಷ್ಟು ನಯವಾಗಿಯೂ ಹಾಕಬಹುದು ಎಂಬುದು ಎಕ್ಸ್‌ರೇ ಸಾರ್‌ಗೆ ಅವತ್ತೇ ತಿಳಿದದ್ದು. ಒಳಗಿನಿಂದ ಚಿಲಕ ಹಾಕಿಕೊಂಡರು.

ಅವರು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಎಕ್ಸ್‌ರೇ ತೆಗೆದವರು. ವಾರಕ್ಕೆ ಆರು ದಿನ ಕತ್ತಲೆ ಕೋಣೆ, ನರಳಾಟ, ಮುರಿದ ಮೂಳೆ. ಏಳನೆಯ ದಿನ ಕ್ಯಾಮೆರಾ ಹೆಗಲಿಗೇರಿಸಿ ಬೆಟ್ಟ ಹತ್ತಿಬಿಡುತ್ತಿದ್ದರು. ವರ್ಷದ ರಜೆಯೂ ಅಲ್ಲೇ ಕರಗುತ್ತಿತ್ತು. ಹೆಂಡತಿ ಇದನ್ನು ಸುಮ್ಮನೆ ಬಿಟ್ಟವರಲ್ಲ.

"ಊರವರ ಪಕ್ಕೆಲುಬೆಲ್ಲ ತೆಗೆದ್ರಿ. ಕಟ್ಟಿಕೊಂಡವಳ ಮುಖ ಒಂದ್ಸಲನಾದ್ರೂ ತೆಗೆದ್ರಾ? ನಾನೂ ಗುಡ್ಡವಾಗಿ ಹುಟ್ಟಬೇಕಿತ್ತು."

ಆ ಬೆಟ್ಟದ ತಲೆಯ ಮೇಲೆ ಆಡು ಸಾಕುವವರ ನಲವತ್ತು ಗುಡಿಸಲು. ಈಗ ಅಲ್ಲಿ ಇನ್ನೂರು ಕೋಣೆಯ ಹೋಟೆಲು ಬರಬೇಕಂತೆ, ಪ್ರತಿ ಕಿಟಕಿಗೂ ಕಣಿವೆ ಕಾಣಬೇಕಂತೆ. ಇಪ್ಪತ್ತೈದು ವರ್ಷದಿಂದ ಅಲ್ಲೇ ಬಾಳಿದವರು ಉಳಿಯಬಹುದು, ಮಿಕ್ಕವರು ಖಾಲಿ ಮಾಡಬೇಕು ಎಂದು ನೋಟಿಸು ಹೇಳುತ್ತಿತ್ತು. ಬಾಯಿಮಾತು ನಡೆಯದು, ದಾಖಲೆ ಬೇಕು. ಒಂದು ದೀಪದ ಕಂಬ ನೆಡದ ಸರ್ಕಾರ, ಬಾಗಿಲಿಗೊಂದು ನಂಬರು ಬರೆಯದ ಸರ್ಕಾರ, ಅಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ಲೆಕ್ಕಕ್ಕೆ ಹಿಡಿಯದ ಸರ್ಕಾರ, ಅವರಿಂದಲೇ ಕಾಗದ ಕೇಳುತ್ತಿತ್ತು.

ಮರುದಿನ ಮಧ್ಯಾಹ್ನ ಬೆಟ್ಟದಿಂದ ಆಡಿನಕ್ಕ ಮೊಮ್ಮಗಳ ಭುಜ ಹಿಡಿದು ಬಂದಳು. ಇಳಿದು ಬರುವುದಕ್ಕೇ ಅರ್ಧ ದಿನ ಹಿಡಿದಿತ್ತು. ಎರಡೂ ಕಣ್ಣಿಗೆ ಪೊರೆ. ಮೊಮ್ಮಗಳನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ ತಾನೊಬ್ಬಳೇ ತಡವರಿಸುತ್ತ ಒಳಗೆ ಬಂದಳು. ಮೂವತ್ತು ವರ್ಷ ಎಕ್ಸ್‌ರೇ ಸಾರ್ ಟ್ರೈಪಾಡ್ ಊರಿದ್ದು ಅವಳ ಅಂಗಳದ ಅಂಚಿನಲ್ಲೇ. ಕಣಿವೆ ಅಷ್ಟು ಚೆಂದ ಕಾಣುವ ಜಾಗ ಆ ಬೆಟ್ಟದಲ್ಲಿ ಇನ್ನೊಂದಿಲ್ಲ.

"ತಮ್ಮಾ, ನಾಡಿದ್ದು ವಿಚಾರಣೆ. ನಿನ್ನ ಫೋಟೋ ಬಿಟ್ರೆ ನಮಗೆ ಗತಿ ಇಲ್ಲ."

"ಮೂವತ್ತು ವರ್ಷದ್ದೂ ಇದೆ ಅಕ್ಕ. ಪ್ರತಿಯೊಂದರ ಹಿಂದೆಯೂ ಫಿಲ್ಮ್ ತೊಳೆದುಕೊಟ್ಟ ಅಂಗಡಿಯವರ ತಾರೀಖಿನ ಮುದ್ರೆ. ಯಾವನು ಅಲ್ಲ ಅಂತಾನೆ ನೋಡೋಣ."

"ನಿನ್ನ ಹೊಟ್ಟೆ ತಣ್ಣಗಿರಲಿ! ಅಷ್ಟು ವರ್ಷ ತೆಗೆದೆ, ಒಂದಿನಾನೂ ನಮಗೆ ತೋರಿಸಲಿಲ್ಲ ನೋಡು ಕಳ್ಳ."

ಆ ಮಾತು ಅವರಿಗೆ ಚುಚ್ಚಿತು. ನಿಜ. ಪಟ್ಟಣದ ಸಭಾಂಗಣದಲ್ಲಿ ತೂಗುಹಾಕಿದ್ದರು, ಎರಡು ಬಹುಮಾನವನ್ನೂ ತಂದಿದ್ದರು. ದಿನಾ ಕಾಣುವ ಕಣಿವೆಯನ್ನು ಇವರಿಗೇನು ತೋರಿಸುವುದು ಎಂದುಕೊಂಡಿದ್ದರು.

"ಈಗ ನೋಡೋಕೆ ಕಣ್ಣಿಲ್ಲ. ನೀನು ಹೇಳು, ನಾನು ಕೇಳ್ತೀನಿ."

ಅವರು ಒಂದೊಂದನ್ನೇ ತೆಗೆದು ಹೇಳುತ್ತಾ ಹೋದರು. ಇದು ನಿಮ್ಮ ಸೊಸೆ ಹೆತ್ತ ಬೆಳಗ್ಗೆ, ನನಗೆ ಹಾಲು ಕೊಟ್ಟಿದ್ರಿ. ಇದು ಆಡುಗಳಿಗೆ ರೋಗ ಬಂದ ವರ್ಷ. ಇದನ್ನ ತೆಗೆಯೋವಾಗ ಮಕ್ಕಳೆಲ್ಲ ಕಿಸಿಕಿಸಿ ನಗ್ತಾ ಇದ್ರು, ಕ್ಯಾಮೆರಾ ಅಲ್ಲಾಡಿಬಿಡ್ತು. ಇದು ಯಜಮಾನರು ಹೋದ ಮಾರನೇ ದಿನ; ನನಗೆ ಗೊತ್ತಿಲ್ಲದೆ ಬಂದಿದ್ದೆ, ಆದರೂ ನೀವು ಕುಡಿಯೋಕೆ ನೀರು ತಂದ್ರಿ.

ಆಡಿನಕ್ಕ ಆ ಚಿತ್ರವನ್ನು ಕೈಗೆ ತೆಗೆದುಕೊಂಡು, ಬೆರಳಲ್ಲಿ ಸವರಿ, ಎದೆಗೊತ್ತಿಕೊಂಡಳು. ಅವಳ ಗಂಡನಿಗೆ ಸಮಾಧಿ ಕಲ್ಲೂ ಇರಲಿಲ್ಲ.

"ಎಲ್ಲಾ ಬಂದಿದೆಯಾ ತಮ್ಮಾ?"

"ಒಂದೂ ಬಿಟ್ಟಿಲ್ಲ ಅಕ್ಕ. ಎಲ್ಲಾ ಇದೆ."

ಸುಳ್ಳು ಹೇಳುವ ಮನುಷ್ಯ ಅವರಲ್ಲ. ಪೆಟ್ಟಿಗೆ ತೆರೆದರೆ ಸಾಕು, ಅವರಿಗೆ ಆ ನಲವತ್ತು ಮನೆಯ ಸದ್ದೂ ಕೇಳಿಸುತ್ತಿತ್ತು.

ವಿಚಾರಣೆಯ ಕೋಣೆಯಲ್ಲಿ ಬೆಟ್ಟದವರು ಗೋಡೆಗೊರಗಿ ನಿಂತಿದ್ದರು, ಕುರ್ಚಿಗಳು ಕಂಪನಿಯವರಿಗೆ. ಎಕ್ಸ್‌ರೇ ಸಾರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಅಧಿಕಾರಿಯ ಮೇಜಿನ ಮೇಲಿಟ್ಟರು. ಇಷ್ಟು ವರ್ಷಕ್ಕೆ ಒಂದು ಸಲ, ಯಾರ ಪರವಾಗಿಯಾದರೂ ನಿಂತೆನಲ್ಲ ಎಂದು ಎದೆ ಉಬ್ಬಿತ್ತು. ಹೋಟೆಲಿನವನು ಎದ್ದ. ತಕರಾರು ಈಗ ಬರುತ್ತದೆ ಎಂದು ಇವರು ಹಲ್ಲು ಕಚ್ಚಿದರು.

"ನಮ್ಮ ತಕರಾರು ಏನೂ ಇಲ್ಲ ಸ್ವಾಮಿ" ಎಂದ ಅವನು. "ಒಂದನ್ನೂ ಬಿಡದೆ ದಾಖಲೆಗೆ ತಗೊಳ್ಳಿ. ನಾವೇ ಕೊಡಬೇಕು ಅಂತಿದ್ವಿ, ಇವರು ಒಪ್ಪಲಿಲ್ಲ."

ಗೋಡೆಯ ಬಳಿ ಯಾರೋ ಕೆಮ್ಮಿದರು.

ಅಧಿಕಾರಿ ಚಿತ್ರಗಳನ್ನು ಒಂದರ ಪಕ್ಕ ಒಂದರಂತೆ ಹರಡಿದರು. ಹಿಂದಿನ ಮುದ್ರೆ ನೋಡಿದರು, ಮುಂದೆ ತಿರುಗಿಸಿದರು. ಮಂಜು. ಬಂಡೆ. ಇಳಿಜಾರಿನ ಹುಲ್ಲು. ಸಂಜೆಯ ಬಿಸಿಲು ಬಿದ್ದ ಕಣಿವೆ. ಮೇಜು ತುಂಬಿತು, ಗುಮಾಸ್ತ ಇನ್ನೊಂದು ಮೇಜು ತಂದ. ಎಕ್ಸ್‌ರೇ ಸಾರ್ ತಮ್ಮ ಚಿತ್ರಗಳನ್ನು ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿದರು. ಇನ್ನೇನಾದರೂ ಉಳಿದಿದೆಯೇ ಎಂದು ಪೆಟ್ಟಿಗೆಯ ತಳದಲ್ಲಿ ಕೈಯಾಡಿಸಿದರು.

"ಮುನ್ನೂರ ಹನ್ನೆರಡು ಚಿತ್ರ, ಮೂವತ್ತು ವರ್ಷ" ಎಂದರು ಅಧಿಕಾರಿ. "ಒಂದು ಗುಡಿಸಲಿಲ್ಲ, ಒಲೆಯ ಹೊಗೆ ಇಲ್ಲ, ಒಂದು ನರಪಿಳ್ಳೆ ಇಲ್ಲ. ಅಜ್ಜಿ, ಇದರಲ್ಲಿ ನೀವೆಲ್ಲ ಎಲ್ಲಿದ್ದೀರಿ?"

ಆಡಿನಕ್ಕ ದನಿ ಬಂದ ಕಡೆಗೆ ಮುಖ ತಿರುಗಿಸಿ, ಇದೇನು ದೊಡ್ಡ ಪ್ರಶ್ನೆ ಎನ್ನುವ ಹಾಗೆ ಹೇಳಿದಳು: "ಚಿತ್ರ ಕೆಡಬಾರದು, ಸ್ವಲ್ಪ ಸರಿದು ನಿಲ್ಲಿ ಅಂತ ತಮ್ಮ ಕೇಳ್ಕೊಳ್ತಿದ್ದ ಸ್ವಾಮಿ, ಅದಕ್ಕೇ ಪ್ರತಿ ಸಲಾನೂ ಊರಿಗೆ ಊರೇ ಅವನ ಬೆನ್ನ ಹಿಂದೆ ನಿಂತಿರ್ತಿತ್ತು."