ಒಕ್ಬುನ್ ಅಜ್ಜಿಯ ತೂಕ

“ಸಂಜೆಯೊಳಗೆ ನಿನ್ನ ಸೊಸೆಯ ಗುರುತಿನ ಚೀಟಿ ತರಬೇಕು ಅಜ್ಜೀ. ಇಲ್ದಿದ್ರೆ ನಾಳೆಯಿಂದ ಅವಳು ಈ ಶೆಡ್ಡಿನೊಳಗೆ ಕಾಲಿಡೋ ಹಾಗಿಲ್ಲ,” ಎಂದಳು ಒಡತಿ ಪ್ಯೋ. “ಕೊರಿಯಾದವನ ಹೆಂಡ್ತಿ ಅಂದ್ಮೇಲೆ ಚೀಟಿ ತೋರಿಸಿ ಧಾರಾಳವಾಗಿ ದುಡೀಬಹುದು. ನನ್ನ ಪುಸ್ತಕದಲ್ಲಿ ಹೆಸರೇ ಇಲ್ದೆ ಕೂತಿದ್ರೆ ಮಾತ್ರ ತನಿಖೆಯವರು ಅವಳನ್ನೂ ಹಿಡೀತಾರೆ, ನನ್ನನ್ನೂ ಹಿಡೀತಾರೆ. ಇಷ್ಟು ದಿನ ಕಣ್ಮುಚ್ಕೊಂಡಿದ್ದೇ ಹೆಚ್ಚು.”

ಚಿಪ್ಪು ಸೀಳಿ ಸಿಂಪಿಯ ಮಾಂಸ ಬಿಡಿಸುತ್ತಿದ್ದ ಒಕ್ಬುನ್ ಅಜ್ಜಿಯ ಚಾಕು ನಿಂತಿತು. ಪಕ್ಕದಲ್ಲಿ ಕೂತಿದ್ದ ವಿಯೆಟ್ನಾಮಿನ ಸೊಸೆಗೆ ಮಾತೆಲ್ಲ ತಿಳಿಯದಿದ್ದರೂ ‘ಚೀಟಿ’ ಎಂಬುದು ತಿಳಿಯಿತು. ಅವಳು ತಲೆ ಕೆಳಗೆ ಹಾಕಿದಳು.

ಮೂರು ತಿಂಗಳಿಂದ ಅವಳು ಬಿಡಿಸಿದ ಸಿಂಪಿಯೆಲ್ಲ ಅತ್ತೆಯ ಬುಟ್ಟಿಗೇ ಬೀಳುತ್ತಿತ್ತು, ಅತ್ತೆಯ ಹೆಸರಲ್ಲೇ ತೂಗುತ್ತಿತ್ತು. ಎಪ್ಪತ್ತೊಂದರ ಮುದುಕಿಗೆ ದಿನಕ್ಕೆ ಐವತ್ತನಾಲ್ಕು ಕಿಲೋ! “ಅಜ್ಜಿಯದು ಕೈಯಲ್ಲ ಕಣ್ರೇ, ಯಂತ್ರ,” ಎಂದು ಶೆಡ್ಡಿನ ಹೆಂಗಸರು ಬೆರಗಾಗುತ್ತಿದ್ದರು. ಅಜ್ಜಿ ಅಲ್ಲವೆನ್ನಲಿಲ್ಲ. ಕೈ ಕೆಸರಾದವಳು ಒಬ್ಬಳು, ಬಾಯಿ ಮೊಸರಾದವಳು ಇನ್ನೊಬ್ಬಳು. ಈಗ ಚೀಟಿ ತಂದರೆ ಬುಟ್ಟಿ ಎರಡಾಗುತ್ತದೆ. ಇಪ್ಪತ್ತು ಕಿಲೋ ಮುಟ್ಟದವರಿಗೆ ಈ ಶೆಡ್ಡಿನಲ್ಲಿ ಮಣೆಯಿಲ್ಲ. ಮರಗಟ್ಟಿದ ತನ್ನ ಬೆರಳುಗಳು ಎಷ್ಟು ಬಿಡಿಸುತ್ತವೆಂದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಮಣೆ ಹೋದರೆ ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು.

ಆದರೂ ಮಧ್ಯಾಹ್ನ ಎದ್ದು ಮನೆಗೆ ನಡೆದಳು. ಮಗ ಮಾನ್ಸು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ.

“ಅವಳ ಚೀಟಿ ಕೊಡು.”

“ಯಾಕಮ್ಮಾ? ಅದು ಕೈಗೆ ಸಿಕ್ಕಿದ ದಿನವೇ ಓಡಿಹೋಗ್ತಾಳೆ. ಪಕ್ಕದ ಬೀದಿಯವನ ಹೆಂಡ್ತಿ ಹೋಗ್ಲಿಲ್ವಾ?”

“ನಿಮ್ಮಪ್ಪ ಸಹಿಗೆ ಬದಲು ಒತ್ತೋ ನನ್ನ ಹೆಸರಿನ ಮೊಹರನ್ನ ಮೂವತ್ತು ವರ್ಷ ತನ್ನ ಜೇಬಲ್ಲೇ ಇಟ್ಕೊಂಡಿದ್ದ. ಅದಿಲ್ದೆ ಬ್ಯಾಂಕಲ್ಲಿ ನನ್ನನ್ನ ಯಾರೂ ಮಾತಾಡಿಸ್ತಿರಲಿಲ್ಲ.”

“ನೀನೇನು ಓಡಿಹೋದ್ಯಾ?”

“ಹೋಗ್ಲಿಲ್ಲ. ಈ ಮನೇಲಿ ಇದ್ದದ್ದು ಮೈ ಮಾತ್ರ ಕಣೋ. ನಿನ್ನ ಹೆಂಡ್ತೀನೂ ಹಾಗೇ ಇರ್ಲಿ ಅಂತೀಯಾ?”

ಮಾನ್ಸು ಕೈಯಲ್ಲಿದ್ದ ಬಲೆಯ ಗಂಟನ್ನು ಬಿಗಿದು ಮುಗಿಸಿದ. ಆಮೇಲೆ ಒಳಗೆ ಹೋಗಿ ಚೀಟಿ ತಂದುಕೊಟ್ಟ.

ಶೆಡ್ಡಿನಲ್ಲಿ ಪ್ಯೋ ಅದನ್ನು ಬೆಳಕಿಗೆ ಹಿಡಿದು, “ಖು...ಯೆನ್,” ಎಂದು ಓದಿ ಪುಸ್ತಕದಲ್ಲಿ ಬರೆದುಕೊಂಡಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಸುನ್‌ಹೀ ಎಂಬ ಕೊರಿಯಾದ ಹೆಸರು ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಅಜ್ಜಿ ನಾಲಿಗೆ ತಿರುಗಿಸುತ್ತ “ಖುಯೆನ್, ಖುಯೆನ್” ಎಂದು ಎರಡು ಸಲ ಹೇಳಿಕೊಂಡಳು. ಸೊಸೆ ಒಪ್ಪಂದದ ಹಾಳೆಗೆ ತನ್ನ ಭಾಷೆಯಲ್ಲೇ ಸಹಿ ಹಾಕಿದಳು.

ಮರುದಿನ ಸಂಜೆ ತೂಕದ ಸರದಿ ಬಂತು. ಸಾಲಿನಲ್ಲಿ ನಿಂತಿದ್ದ ಖುಯೆನ್ ಅತ್ತಿತ್ತ ನೋಡಿ, ತನ್ನ ಬುಟ್ಟಿಯಿಂದ ಎರಡು ಬೊಗಸೆ ಎತ್ತಿ ಅತ್ತೆಯ ಬುಟ್ಟಿಗೆ ಸುರಿದಳು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಜ್ಜಿ ಅವಳ ಮಣಿಕಟ್ಟು ಹಿಡಿದಳು.

“ಬೇಡ ಮಗೂ. ನಿಂದು ನಿನ್ನ ಹೆಸರಲ್ಲೇ ತೂಗಲಿ.” ಬಿದ್ದದ್ದನ್ನು ಬಾಚಿ ವಾಪಸು ಹಾಕಿದಳು. ಸೊಸೆಯ ಕಣ್ಣು ತುಂಬಿತ್ತು. ಅಜ್ಜಿ ಅತ್ತ ನೋಡಲಿಲ್ಲ.

“ಖುಯೆನ್, ನಲವತ್ತೊಂದು!” ಎಂದು ಕೂಗಿದ ಪ್ಯೋ ಮುಂದಿನ ಬುಟ್ಟಿಗೆ ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿದಳು. ಅವಳ ದನಿ ಇಳಿಯಿತು. “ಒಕ್ಬುನ್... ಹದಿಮೂರು.”

ಸಾಲಿನಲ್ಲಿದ್ದವರು ಕತ್ತು ಚಾಚಿ ಮುಳ್ಳು ನೋಡಿದರು. ಹಿಂದಿನ ಹೆಂಗಸು ಮರುಕದಿಂದ ಕೇಳಿದಳು, “ಏನಜ್ಜೀ, ಇವತ್ತು ಮೈಯಲ್ಲಿ ಹುಷಾರಿಲ್ವಾ?”

ಅಜ್ಜಿ ಖಾಲಿ ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡಳು.

“ಹುಷಾರಾಗೇ ಇದ್ದೀನಿ. ನಿನ್ನೇನೂ ಹದಿಮೂರೇ ಇತ್ತು ಕಣೇ.”