ನಲವತ್ತು ಮೀಟರು ಆಳದಲ್ಲಿ ಜಟ್ಟಪ್ಪ

ಸತ್ತವರನ್ನು ಕಡಲಿಗೆ ಗೊಬ್ಬರವಾಗಿ ಬಿಡುವ ರೂಢಿ ಬಂದ ಮೇಲೆ, ಯಾರು ಎಷ್ಟು ಆಳದಲ್ಲಿದ್ದಾರೆಂದು ಲೆಕ್ಕ ಹಾಕಿ ಹೇಳುವ ಕಚೇರಿಯೊಂದು ಭಟ್ಕಳದ ಬಂದರಿನಲ್ಲೂ ತೆರೆದಿತ್ತು. ಮಾದೇವಿ ಮೊಗೇರ ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಮೀನು ಮಾರಿ ಮುಗಿಸಿ ಅದರ ಕಿಟಕಿಗೆ ಬರುತ್ತಿದ್ದಳು. ಸತ್ತ ಗಂಡನ ಹೆಸರನ್ನು ಅವಳು ಹೇಳುತ್ತಿರಲಿಲ್ಲ. ಗುಮಾಸ್ತ ವಾಮನ ಕೇಳುತ್ತಲೂ ಇರಲಿಲ್ಲ. "ನೂರಹತ್ತು ಮೀಟರು, ಕತ್ತಲೆ" ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು.

ಈ ಸಲ ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಮಾದೇವಕ್ಕಾ, ಗಾಳಿಗೆ ಅಡಿಯ ನೀರು ಮೇಲೆ ಬಂದದೆ. ಜಟ್ಟಪ್ಪಣ್ಣ ಈಗ ನಲವತ್ತು ಮೀಟರಲ್ಲಿದ್ದಾರೆ! ಅಲ್ಲಿ ಬಿಸಿಲು ತಾಗ್ತದೆ. ಗುರುವಾರದೊಳಗೆ ಸಣ್ಣ ಪಾಚಿ ಅವ್ರನ್ನ ಹೀರ್ಕಂಡು ಹಸಿರಾಗ್ತದೆ."

"ಆಮೇಲೆ?"

ವಾಮನ ಕನ್ನಡಕ ಒರೆಸಿದ. "ಆಮೇಲೆ ತಾರ್ಲೆ ಮೀನು ಬಂದು ಪಾಚಿ ತಿಂತದೆ. ಸಾವಿರ ಹೊಟ್ಟೆಗೆ ಹಂಚಿಹೋದ್ಮೇಲೆ ನಮ್ಗೆ ಹುಡುಕೂಕೆ ಆಗೂದಿಲ್ಲ. ಪಟ್ಟಿಯಿಂದ ಹೆಸ್ರು ತೆಗಿತೇವೆ."

ಮಾದೇವಿ ಖಾಲಿ ಮೀನುಬುಟ್ಟಿ ಕೆಳಗಿಟ್ಟಳು. "ಕತ್ತಲೆಯಿಂದ ಒಮ್ಮೆ ಮೇಲೆ ಬರ್ಲಿ ಅಂತ ಹರಕೆ ಹೊತ್ತವ್ಳು ನಾನೇ," ಎಂದಳು. "ಜಾಗ ಎಲ್ಲಿ, ಬರ್ಕೊಡು. ನಾಳೆ ದೋಣಿ ಮಾಡ್ಕಂಡು ಹೋಗ್ತೆ."

"ಹೋಗಿ ಎಂತ ಮಾಡ್ತ್ರಿ? ಮೇಲಿಂದ ಕಾಣೂದು ಬರೀ ನೀಲಿ ನೀರು. ಉಪಗ್ರಹಕ್ಕೂ ಅಷ್ಟೇ. ಒಳಗಿನ್ದೆಲ್ಲ ನಮ್ಮ ಅಂದಾಜು."

"ಮೂವತ್ತು ವರ್ಷ ಸಂಸಾರ ಮಾಡಿದ್ದೆ, ಮಾರಾಯಾ. ಆಗ್ಲೂ ಅವ್ರ ಒಳಗಿನ್ದು ನಂಗೆ ಬರೀ ಅಂದಾಜೇ ಆಗಿತ್ತು. ನೋಡೂಕಲ್ಲ ಹೋಗೂದು, ಅವ್ರ ಮೇಲೆ ಒಂದ್ ಗಳಿಗೆ ದೋಣಿ ನಿಲ್ಸೂಕೆ."